ದೇಸಾಯರ ಮೋಟಾರಿನ ನಟ್ಟು

ಥೂ! ಅವನ ಹೆಸರು ಎತ್ತಬ್ಯಾಡ ಕನಕಪ್ಪಾ, ಉಂಡದ್ದು ಹೊರಗ ಬರತೈತಿ ನನಗ... ಓಬಳೆಪ್ಪ ಅಂತ! ಡ್ರೈವರ್ ಅಂತ! ನೀ ಕೂಡತಿದ್ದ ಜಾಗಾದಾಗ ಕುಂತು ಐದು ತಿಂಗಳಾತು, ದೇಸಾಯರ ಮೋಟಾರು ಏನ ಮಾಡಿ ಇಟ್ಟಾನ ಗೊತ್ತೇನು? ರೇಡಿಯೇಟರಿಗೆ ಕೆರಿ ರಾಡಿ ನೀರು ಹಾಕತಾನ! ಸೋಸೂದಿಲ್ಲ, ಏನಿಲ್ಲ. ಮೊನ್ನಿ ಮುಚ್ಚಳ ತಗದ್ರ... ಒಳಗ ಸತ್ತ ಕಪ್ಪಿ! ಬೆಂದು, ಉಬ್ಬಿ... ಛೀ ಛೀ ಛೀ! ಯಾಕ ನಗತಿ? ಬೆರಳು ಹಾಕಿ ತಗದಾಂವ ನಾನಪಾ, ನೀ ಅಲ್ಲ.

ಎಂಜಿನ್ನಿನ ಎಣ್ಣಿ ಅಂತೂ ಕೇಳಬ್ಯಾಡ, ಡಾಂಬರ ಆಗೇತಿ. ಪ್ಲಗ್ಗು ಬಿಚ್ಚಿ ಒರಸಬೇಕು ಅನ್ನೂದು ಅವಗ ಗೊತ್ತಽ ಇಲ್ಲ. ಟಾಯರಿನ್ಯಾಗ ಗಾಳಿ ಇಲ್ಲ. 'ಲೇ ಓಬಳ್ಯಾ, ಗಾಳಿ ಹೊಡಿಯೋ, ಗಾಡಿ ನೆಲಾ ಹಿಡಕೊಂಡು ತೆವಳತೈತಿ, ಪೆಟ್ರೋಲು ಸುಮ್ಮನ ಕುಡೀತೈತಿ' ಅಂದೆ. ಏನಂದ ಹೇಳು? 'ಮೆತ್ತಗಿದ್ರ ದೇಸಾಯರಿಗೆ ಕುಂಡಿ ನೋಯೂದಿಲ್ಲ ಬಿಡೋ ಹನುಮಣ್ಣ' ಅಂತಾನ! ಲಡಾಯಿ ನಡದೈತಿ, ಒಂದು ಡಬ್ಬಿ ಪೆಟ್ರೋಲಿಗೆ ಚೀಟಿ ಹಿಡಕೊಂಡು ಕೊಪ್ಪಳದಾಗ ಎರಡು ದಿನ ಬಿಸಲಾಗ ನಿಲ್ಲಬೇಕು. ಇವಾ ಗಾಡಿ ನಿಂತಲ್ಲೇ ಎಂಜಿನ್ನು ಗುರ್ ಗುರ್ ಅನಿಸಿಕೊಂತ ಬೀಡಿ ಸೇದತಾನ!

ಎದುರಿಗೆ ಬಂಡಿ ಕಂಡ್ರೂ ಹಂಗಽ ನುಗ್ಗತಾನ, ಹತ್ರ ಹೋಗಿ ಧಡಕ್ಕನ ಬ್ರೇಕು ಒತ್ತತಾನ. ನಿನಗೇನ ಕಲಿಸಿದ್ದೆ ನಾನು? ದೂರದಾಗ ಬಂಡಿ ಕಂಡ್ರ ಕಾಲು ಎತ್ತಿಬಿಡು, ಗಾಡಿ ತಾನಽ ಮೆತ್ತಗಾಗತೈತಿ. ದಿನ್ನಿ ಏರೂಮುಂದ, ಅದು ಕೆಮ್ಮೂದಕ್ಕಿಂತ ಮೊದಲಽ ಗೇರು ಇಳಸು. ಬ್ರೇಕು ಒತ್ತಿದಷ್ಟು ಸಲ ಪೆಟ್ರೋಲು ನೆಲಕ್ಕ ಚೆಲ್ಲಿದಂಗ ಅಂತ... ಹೇಳಿದ್ದಿಲ್ಲೇನು?

ಯಾಕ, ಹಂಗ ಯಾಕ ನೋಡತಿ? ಮಾತಿಗೆ ಅಂದೆ.

ನೀ ಛಲೋ ಕಲತಿದ್ದಿ. ನನ್ನ ಕಣ್ಣಿಗೆ ಪೊರಿ ಬಂತು, ಗಾಡಿ ನಿನ್ನ ಕೈಯಾಗ ಕೊಟ್ಟೆ, ಬಿಚ್ಚೂದು ಜೋಡಸೂದು ನಾ ಇಟಗೊಂಡೆ... ಯಲಬುರ್ಗಿ ಸೀಮ್ಯಾಗ ನಿನ್ನಷ್ಟು ಕಡಿಮಿ ಪೆಟ್ರೋಲಿನ್ಯಾಗ ಮೋಟಾರು ಹೊಡಿಯಾವ್ರು ಇರಲಿಲ್ಲ. ಅದಕ ಬಂದೀನಿ. ದೇಸಾಯರಽ ಕಳಿಸ್ಯಾರ. 'ನವಲಿಗೆ ಹೋಗು ಹನುಮಣ್ಣ, ಕನಕಪ್ಪನ್ನ ಕರಕೊಂಡು ಬಾ. ಅವನ ಪೆಟ್ರೋಲು ಕಳವು ಮಾಫ್ ಮಾಡೀನಿ ಅನ್ನು' ಅಂದ್ರು...

ಹಗ್ಗಾ ಹೊಸಿಯೂದು ಯಾಕ ನಿಲ್ಲಿಸಿದಿ? ಹೊಸಿ, ಹೊಸಿ... ಆ ಮಾತು ಅವರದಪಾ, ನಂದಲ್ಲ. ಮಾಫ್ ಅಂತ! ನನಗೂ ಹೇಸಿಗಿ ಬಂತು. ಆದ್ರ ಬಾ. ತಲಿ ಬಗ್ಗಿಸಿ ಒಂದು ಸಲ ಹೂಂ ಅಂದುಬಿಡು, ಮುಗದು ಹೋಗತೈತಿ.

ನೀ ತಗೊಂಡಿಲ್ಲ, ನನಗ ಗೊತ್ತೈತಿ. ಕುಷ್ಟಗಿಗೆ ಹೋಗೂಮುಂದ ಟಾಂಕಿ ತುಂಬಿತ್ತು, ತಿರುಗಿ ಬರೂಮುಂದ ನಡುದಾರ್ಯಾಗ ಖಾಲಿ. ದೇಸಾಯರು ಬಿಸಲಾಗ ಎರಡು ಹರದಾರಿ ನಡದ್ರು. ಸಿಟ್ಟು ಬಂತು, ಕಳ್ಳ ಅಂದ್ರು. ಆದ್ರ ಕುಷ್ಟಗ್ಯಾಗ ನೀ ಚಾ ಕುಡಿಯಾಕ ಹೋದಾಗ ಯಾವನರ ನಳಗಿ ಹಚ್ಚಿ ಎಳಕೊಂಡಿರಬೇಕು... ಇಲ್ಲಾ? ಗಾಡಿ ಬಿಟ್ಟು ಹೋಗಽ ಇಲ್ಲಾ? ಹಂಗಾದ್ರ ಪೆಟ್ರೋಲು ಹಾಕಾವನಽ ಕಡಿಮಿ ಹಾಕಿರಬೇಕು... ನೀನಽ ಟಾಂಕ್ಯಾಗ ಕಡ್ಡಿ ಬಿಟ್ಟು ನೋಡಿದ್ದಿಯೇನು? ಹೂಂ... ಕಡ್ಡಿ ಬಿಟ್ಟು ನೋಡಂತ ಕಲಿಸಿದಾಂವ ನಾನಽ ಅಲ್ಲ...

ಬೈಯೂದಿದ್ರ ಬೈ! ಹಂಗ ಕಣ್ಣಾಗ ಕಣ್ಣಿಟ್ಟು ಕುಂಡ್ರಬ್ಯಾಡ...

ಕನಕಪ್ಪಾ.

ದಾರ್ಯಾಗ ಗಾಡಿ ನಿಂತಾಗ... ಕೆಳಗ ಬಗ್ಗಿ ನೋಡಿದ್ದಿಯೇನು?

ನೋಡೀದಿ. ಟಾಂಕಿ ಕೆಳಗಿನ ಪೈಪಿಗೆ ಕೈ ಹಚ್ಚೀದಿ. ಹಸಿ ಇತ್ತು, ಅಲ್ಲ? ನಟ್ಟು ಬೆರಳಿಗೆ ತಿರುಗತಿತ್ತು, ಅಲ್ಲ?

ಅವತ್ತಽ ಗೊತ್ತಿತ್ತು ನಿನಗ.

ಹಿಂದಿನ ದಿನ ಸಂಜೀಕ ನಾನಽ ಬಿಚ್ಚಿದ್ದೆ. ಪೈಪಿನ್ಯಾಗ ಕಸಾ ಕುಂತಿತ್ತು, ತಗದೆ. ತಿರುಗಿ ಹಾಕೂಮುಂದ ನಟ್ಟಿನ ಒಳಗಿನ ಸುತ್ತು ಕಾಣಲಿಲ್ಲ ನನಗ. ಅಂದಾಜಿಗೆ ತಿರುವಿದೆ, ವಾರೆ ಕುಂತಿತು... ಕುಷ್ಟಗಿಗೆ ಹೋಗೂಮುಂದ, ಬರೂಮುಂದ, ದಾರಿ ತುಂಬ ಹನಿ ಹನಿ ಚೆಲ್ಲಿಕೊಂತ ಹೋಗೇತಿ. ಎತ್ತು ಕಟ್ಟಿ ಗಾಡಿ ಎಳಕೊಂಡು ಬಂದ್ರಲ್ಲ, ಶೆಡ್ಡಿನ್ಯಾಗ ನಾ ಕೆಳಗ ಮಲಗಿ ಮುಟ್ಟಿದೆ, ತಿಳೀತು. ಹೊರಗ ಅಂಗಳದಾಗ ನಿನಗ ಬಾರಕೋಲಿನ್ಯಾಗ ಹೊಡಿಯಾಕ ಹತ್ತಿದ್ರು. ಸಪ್ಪಳ ಕೇಳತಿತ್ತು. ನಾ ಪಾನಾ ಹಿಡಕೊಂಡು ಆ ನಟ್ಟು ಬಿಗಿ ಮಾಡಿದೆ ಕನಕಪ್ಪಾ! ಬಿಗಿ ಮಾಡಿ, ಎಣ್ಣಿ ಹಚ್ಚಿ ಒರಸಿ... ಅಲ್ಲೇ ಮಲಕೊಂಡೆ. ಹೊರಗ ಬರಲಿಲ್ಲ. ನಟ್ಟು ಸೈತ ಕಾಣದಷ್ಟು ಕುರುಡ ಅಂತ ಗೊತ್ತಾದ್ರ ನನ್ನ ಶೆಡ್ಡಿನಿಂದ ಹೊರಗ ಹಾಕತಿದ್ರು. ಇಷ್ಟಽ. ಥೂ ನನ್ನ ಜನ್ಮಕ್ಕ! ಓಬಳೆಪ್ಪನ ಕಪ್ಪಿಗೆ ಹೇಸತೀನಂತ ನಾನು...

ನೀ ಯಾಕ ಹೇಳಲಿಲ್ಲ? ಒಂದು ಮಾತು! 'ಹನುಮಣ್ಣ ಬಿಚ್ಚಿದ್ದ' ಅಂದಿದ್ರ ಮುಗೀತಿತ್ತು. ಕಲಿಸಿದಾಂವ ಅಂತೇನು? ಮುದುಕ ಅಂತೇನು? ನೀನೂ ಬಾರಕೋಲು ತಗೊಂಡು ನನ್ನ ಹೊಡಿ.

ಯಾಕ ಬಾಯಿ ಮ್ಯಾಲೆ ಬೆರಳು ಇಡತಿ? ಹಿಂದ ಯಾರದಾರ? ... ನಿನ್ನ ಹೆಂಡ್ತಿ, ಗಾಳೆವ್ವ ಅಲ್ಲ ಅಕಿ? ಯಾಕ ಬಾಗಲಾ ಹಿಡಕೊಂಡು ಹಂಗ ಕುಸದು ಕುಂತಳು?

ಅಕಿಗೂ ಹೇಳಿದ್ದಿಲ್ಲೇನು?

ಐದು ತಿಂಗಳು... ನಿನ್ನ ಹೆಂಡ್ತಿ ಸೈತ ನಿನ್ನ ಕಳ್ಳ ಅಂತ ತಿಳಕೊಂಡು ನಿನಗ ರೊಟ್ಟಿ ಹಾಕ್ಯಾಳೇನು? ಯಪ್ಪಾ...

ಕೈ ಬಿಡು ಕನಕಪ್ಪಾ. ಎಳೀಬ್ಯಾಡ ನನ್ನ, ಕುಂಡ್ರೂದಿಲ್ಲ. ಯಲಬುರ್ಗ್ಯಾಗ ಅದಽ ಅಂಗಳದಾಗ ನಿಂತು ದೇಸಾಯರಿಗೆ ಹೇಳತೀನಿ. ಆದ್ರ ಮೊದಲ ಇಲ್ಲೆ ಹೇಳಾಕ ಬಿಡು.

ಗಾಳೆವ್ವಾ... ತಂಗೀ, ಇತ್ಲಾಗ ನೋಡವಾ. ಇಷ್ಟು ದೂರದಿಂದ ನನಗ ನಿನ್ನ ಮಕಾ ಕಾಣೂದಿಲ್ಲ, ನೀನರ ನನ್ನ ಮಕಾ ನೋಡು. ನಿನ್ನ ಗಂಡ ಏನೂ ಕದ್ದಿಲ್ಲ.