ಇಳಿದ ಸ್ವರ

ಬಾವಿಯ ಹತ್ತಿರ ಬರುವಾಗ ರಾತ್ರಿ ಹತ್ತೂವರೆ ದಾಟಿತ್ತು.

ನಮ್ಮ ದೊಡ್ಡಮ್ಮನ ಮಗಳು ಒಬ್ಬಳೇ ನಡೆದು ಬರುತ್ತಿದ್ದಳು. ಹಾರ್ಮೋನಿಯಂ ರಿಪೇರಿ ಅವಳ ಕಸುಬು. ಹಾಗಾಗಿ ಬೀದಿಯವರಿಗೆಲ್ಲ ಅವಳು ಪೆಟ್ಟಿಗೆ ಅಕ್ಕ. ಅಂಗಡಿ ಬೀದಿಯ ಆ ತುದಿಗೆ, ಮನೆ ಈ ತುದಿಗೆ, ನಡುವೆ ಕಬ್ಬಿಣದ ಜಾಲರಿ ಮುಚ್ಚಿದ ಹಳೇ ಬಾವಿ. ಅಂಗಡಿಗಳೆಲ್ಲ ಬಾಗಿಲು ಎಳೆದಿದ್ದವು. ಸದ್ದು ಅಂದರೆ ಅವಳ ಚಪ್ಪಲಿಯದೇ. ಚಟ್… ಚಟ್…

ಆಗ ಹಿಂದಿನಿಂದ ಕೇಳಿಸಿತು.

ಫುಸ್ಸ್…

ಬೇರೆಯವರಾಗಿದ್ದರೆ ಬೆಕ್ಕು ಅಂದುಕೊಂಡು ಮುಂದೆ ಹೋಗುತ್ತಿದ್ದರು. ಅವಳಿಗೆ ಗೊತ್ತಾಯಿತು. ಅದು ಹಾರ್ಮೋನಿಯಂ ತಿದಿಗೆ ಗಾಳಿ ತುಂಬುವ ಸದ್ದು. ಹೊಸ ಚರ್ಮ ಹಾಕಿದ ತಿದಿ, ಅಂಚಿನಲ್ಲಿ ಒಂಚೂರು ಕಿರುಗುಟ್ಟುತ್ತದೆ. ಆ ಚರ್ಮ ಅಂಟಿಸಿದವಳು ಅವಳೇ.

ಆಮೇಲೆ ಸ್ವರಗಳು. ಒಂದು… ಎರಡು… ಮೂರು… ನಾಲ್ಕನೆಯದು ಕೂದಲೆಳೆಯಷ್ಟು ಇಳಿದಿತ್ತು.

ಅವಳು ಅಲ್ಲೇ ನಿಂತಳು.

ಆ ರಾಗ ಅವಳ ಗಂಡನದು. ಗಂಡ ತೀರಿಹೋಗಿ ಒಂಬತ್ತು ತಿಂಗಳಾಗಿತ್ತು.

ಅವನು ಬಸ್ ಡ್ರೈವರ್. ಸಂಗೀತಕ್ಕೂ ಅವನಿಗೂ ಎಣ್ಣೆ ಸೀಗೆಕಾಯಿ. ಆದರೂ, ಬಸ್ಸು ಹಿಂದಕ್ಕೆ ತೆಗೆಯುವಾಗ ಕಂಡಕ್ಟರ್ ಊದುವ ಸೀಟಿಯಿಂದಲೇ ಒಂಬತ್ತು ಸ್ವರದ ರಾಗವೊಂದನ್ನು ಕಟ್ಟಿಕೊಂಡಿದ್ದ. ಡ್ಯೂಟಿ ಮುಗಿಸಿ ನೇರ ಅಂಗಡಿಗೆ ಬಂದು, ಮೂಲೆಯ ಹಳೇ ಪೆಟ್ಟಿಗೆ ಎಳೆದುಕೊಂಡು ದಿನಾ ಅದನ್ನೇ ಬಾರಿಸೋನು. ಎಡಚ. ಎಲ್ಲರೂ ತಿದಿಯ ಎಡಗಡೆ ಕೊಂಡಿ ಬಿಚ್ಚಿ ಎಡಗೈಯಲ್ಲಿ ಗಾಳಿ ಹಾಕಿದರೆ, ಇವನು ಬಲಗಡೆಯದು ಬಿಚ್ಚಿ ಬಲಗೈಯಲ್ಲಿ ಹಾಕೋನು. ಆ ಪೆಟ್ಟಿಗೆಯ ಒಂದು ರೀಡು, ಅಂದರೆ ಸ್ವರ ನುಡಿಯುವ ಹಿತ್ತಾಳೆ ಪಟ್ಟಿ, ಮೊದಲಿನಿಂದಲೂ ಇಳಿದಿತ್ತು. ಅವನ ನಾಲ್ಕನೆಯ ಸ್ವರ ಅಲ್ಲೇ ಬರುತ್ತಿತ್ತು.

"ಕೊಡಿ ಇಲ್ಲಿ, ಎರಡು ನಿಮಿಷದಲ್ಲಿ ಸರಿ ಮಾಡ್ತೀನಿ. ಹಲ್ಲು ಜುಮ್ಮನ್ನುತ್ತೆ."

"ಮುಟ್ಟಬೇಡ ಡಾಕ್ಟ್ರೇ. ಊರಿನ ಪೆಟ್ಟಿಗೆಗಳಿಗೆಲ್ಲ ಆಪರೇಷನ್ ಮಾಡ್ತೀಯ, ಇದೊಂದು ಬಡಪಾಯೀನ ಬಿಟ್ಟುಬಿಡು."

"ಹಾರ್ನ್ ಕೇಳಿ ಕೇಳಿ ನಿಮ್ಮ ಕಿವಿ ಹೋಗಿದೆ."

"ಹೋಗಿರೋದಕ್ಕೇ ಹನ್ನೊಂದು ವರ್ಷ ನಿನ್ನ ಜೊತೆ ಬಾಳಿದ್ದೀನಿ!"

ಅವನು ಹೋದ ಮೇಲೆ ಅವಳು ಆ ಪೆಟ್ಟಿಗೆಯ ಬಟ್ಟೆ ಸರಿಸಿರಲಿಲ್ಲ. ಒಂದು ದಿನ ನೋಡಿದರೆ ಇಲಿ ತಿದಿಯ ಚರ್ಮ ಕಡಿದಿತ್ತು. ಅಯ್ಯೋ ಅಂತ ಬಿಚ್ಚಿದಳು, ಹೊಸ ಚರ್ಮ ಹಾಕಿದಳು. ಚರ್ಮ ಬದಲಿಸಿದ ಮೇಲೆ ರೀಡುಗಳನ್ನೆಲ್ಲ ಒಂದು ಕಡೆಯಿಂದ ಶ್ರುತಿ ಮಾಡಿಕೊಂಡು ಹೋಗುವುದು ಕಸುಬಿನ ರೂಢಿ. ಯೋಚನೆ ಎಲ್ಲೋ ಇತ್ತು, ಕೈ ತನ್ನ ಪಾಡಿಗೆ ಅರ ಆಡಿಸುತ್ತಿತ್ತು. ಸರ್… ಸರ್… ಮುಗಿದ ಮೇಲೆ ಬೆರಳು ತಾನಾಗಿ ಅವನ ರಾಗ ಬಾರಿಸಿತು.

ಎಲ್ಲ ಸರಿಯಾಗಿತ್ತು. ನಾಲ್ಕನೆಯದೂ.

ಯಾರದೋ ರಾಗ ಕೇಳಿದ ಹಾಗಾಯಿತು ಅವಳಿಗೆ. ಅಷ್ಟು ದಿನ ಆ ರಾಗ ನೆನೆದರೆ ಸಾಕು, ಅವನ ಖಾಕಿ ಅಂಗಿಯ ಡೀಸೆಲ್ ವಾಸನೆ, ತಪ್ಪಿದ ಕೂಡಲೇ ಓರೆಯಾಗಿ ನೋಡಿ ನಗುವ ಆ ನಗು… ಎಲ್ಲ ಬರುತ್ತಿತ್ತು. ಈಗ ಏನೂ ಬರಲಿಲ್ಲ. ಕಣ್ಣು ಮುಚ್ಚಿದರೆ ಅವನ ಮುಖವೂ ಸರಿಯಾಗಿ ಮೂಡಲಿಲ್ಲ.

ಒಂದು ವಾರ ಆ ರೀಡಿನ ಮೇಲೇ ಬಿದ್ದಳು. ಬುಡದಲ್ಲಿ ಕೆರೆದರೆ ತೀರಾ ಇಳಿಯುತ್ತಿತ್ತು, ತುದಿಯಲ್ಲಿ ಕೆರೆದರೆ ಮತ್ತೆ ಸರಿಯಾಗಿಬಿಡುತ್ತಿತ್ತು. ಸಾವಿರ ಪೆಟ್ಟಿಗೆ ಸರಿ ಮಾಡಿದ ಕೈಗೆ ಒಂದನ್ನು ಅವನ ಹಾಗೆ ಕೆಡಿಸಲು ಬರಲಿಲ್ಲ. ಕೊನೆಗೆ ಸೋತು, ಶ್ರುತಿಗೆ ತಂದು, ಸ್ಕೂಲಿನ ಸಂಗೀತದ ಮೇಷ್ಟ್ರಿಗೆ ಕೊಡುತ್ತೇನೆ ಅಂದಳು. ಅವರು ಆ ಸಂಜೆಯೇ ಬಂದು ಒಂದೊಂದೇ ಸ್ವರ ಒತ್ತಿ ನೋಡಿ, "ಪಕ್ಕಾ ಇದೆಯಮ್ಮ, ಬೆಳಿಗ್ಗೆ ಬಂದು ಒಯ್ತೀನಿ" ಅಂದಿದ್ದರು. ಅವರು ಹೋದ ಮೇಲೂ ಅವಳು ಪೆಟ್ಟಿಗೆಯ ಪಕ್ಕ ರಾತ್ರಿಯವರೆಗೆ ಕೂತಿದ್ದಳು. ಆಮೇಲೆ ಎರಡೂ ಕೊಂಡಿ ಹಾಕಿ, ಬಟ್ಟೆ ಹೊದಿಸಿ, ಬೀಗ ಜಡಿದು ಹೊರಟವಳು ಈಗ ಬಾವಿಯ ಹತ್ತಿರ ನಿಂತಿದ್ದಳು.

ಬಾವಿಯ ಕಟ್ಟೆಯ ಮೇಲೆ ಬೀದಿ ಕಾಯುವ ತಾತ ಕೂತಲ್ಲೇ ತೂಕಡಿಸುತ್ತಿದ್ದ.

"ತಾತ… ಕೇಳಿಸ್ತಿದ್ಯಾ?" ಪಿಸುಗುಟ್ಟಿದಳು.

"ಹ್ಞೂಂ." ಕಣ್ಣು ಬಿಡದೆಯೇ ಹೇಳಿದ. "ನಿನ್ನ ಯಜಮಾನ್ರಲ್ವಾ. ಇನ್ನೂ ಆ ಒಂದು ಕಡೆ ಎಡವ್ತಾರೆ ನೋಡು…"

ಆಮೇಲೆ ಕಣ್ಣು ಬಿಟ್ಟ. ಅವಳನ್ನು ನೋಡಿದ. ಕೈಯ ಟಾರ್ಚು ಜಾಲರಿಗೆ ತಾಗಿ ಟಿಣ್ ಅಂದಿತು.

"ಹೋಗಬೇಡ ತಾಯಿ."

ಅವಳು ಹೋದಳು.

ಅಂಗಡಿಯ ಬೀಗ ಹಾಕಿದ ಹಾಗೇ ಇತ್ತು. ಒಳಗೆ ರಾಗ ನಡೆದೇ ಇತ್ತು… ಐದು… ಆರು… ಏಳು… ಬೀಗದಲ್ಲಿ ಕೀಲಿ ತಿರುಗಿತು. ಕಟಕ್. ಎಂಟನೆಯ ಸ್ವರಕ್ಕೆ ರಾಗ ನಿಂತಿತು.

ದೀಪ ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಹಾಕಿದರೆ ಯಾರೂ ಇರುವುದಿಲ್ಲ ಅಂತ ಗೊತ್ತಿತ್ತು.

"ನೀವಾ?"

ಗೋಡೆ ಗಡಿಯಾರದ ಟಿಕ್… ಟಿಕ್… ಅಷ್ಟೇ.

"ತಪ್ಪಾಯ್ತು. ಬೇಕಂತ ಮಾಡಿದ್ದಲ್ಲ… ಕೈ ಮಾಡಿಬಿಡ್ತು."

ಕತ್ತಲಲ್ಲೇ ತಡವಿಕೊಂಡು ಕೂತಳು. ಪೆಟ್ಟಿಗೆಯ ಮೇಲೆ ಬಟ್ಟೆ ಇರಲಿಲ್ಲ. ತಿದಿ ಮುಟ್ಟದೆ, ಉಳಿದಿದ್ದ ಒಂಬತ್ತನೆಯ ಸ್ವರ ಒತ್ತಿದಳು. ಗಾಳಿ ಹಾಕದ ಪೆಟ್ಟಿಗೆ ಮೂಕ. ಆದರೆ ಅದು ನುಡಿಯಿತು… ಒಳಗಿನ ಗಾಳಿ ಇನ್ನೂ ಖಾಲಿಯಾಗಿರಲಿಲ್ಲ. ಕ್ಷೀಣವಾಗಿ, ಉಸಿರು ಕಟ್ಟುವವರ ಹಾಗೆ ನುಡಿಯುತ್ತಿದ್ದ ಅದು ಪೂರ್ತಿ ನಿಲ್ಲುವವರೆಗೆ ಬೆರಳು ತೆಗೆಯಲಿಲ್ಲ ಅವಳು. ಮೂಗಿಗೆ ಡೀಸೆಲ್ ವಾಸನೆ ಬಂತು. ಅವನ ಮುಖ ಬಂತು, ಓರೆ ನಗುವಿನ ಸಮೇತ. ಒಂಬತ್ತು ತಿಂಗಳಲ್ಲಿ ಅವಳು ಜೋರಾಗಿ ಅತ್ತಿದ್ದು ಆವತ್ತೇ.

ಬೆಳಿಗ್ಗೆ ಮೇಷ್ಟ್ರು ಬಂದಾಗ ಅವಳು ಅಲ್ಲೇ, ಗೋಡೆಗೆ ಒರಗಿ ಕೂತಿದ್ದಳು. ಮೇಷ್ಟ್ರು ಪೆಟ್ಟಿಗೆಯ ಮುಂದೆ ಕೂತು ಬಾರಿಸಿ ನೋಡಿ ಹುಬ್ಬು ಗಂಟಿಕ್ಕಿದರು.

"ಇದೇನಮ್ಮ, ಈ ಸ್ವರ ಇಳಿದಿದೆಯಲ್ಲ? ನಿನ್ನೆ ನಾನೇ ನೋಡಿದ್ದೆ!"

"ಅದು ಇರೋದೇ ಹಾಗೆ ಮೇಷ್ಟ್ರೇ. ನಿಮಗೆ ಬೇರೆ ಪೆಟ್ಟಿಗೆ ಮಾಡಿಕೊಡ್ತೀನಿ."

ಆ ರಾಗ ತಾನಾಗಿ ಮತ್ತೆ ಯಾವತ್ತೂ ಕೇಳಿಸಲಿಲ್ಲ. ಈಗಲೂ ಬಾಗಿಲು ಹಾಕುವ ಮೊದಲು ಅವಳು ಎಂಟು ಸ್ವರ ಬಾರಿಸಿ ಕೈ ತೆಗೆಯುತ್ತಾಳೆ. ಸ್ವಲ್ಪ ಹೊತ್ತು ಕಾಯುತ್ತಾಳೆ. ಆಮೇಲೆ ಒಂಬತ್ತನೆಯದನ್ನೂ ತಾನೇ ಬಾರಿಸಿ ಮನೆಗೆ ಹೋಗುತ್ತಾಳೆ.

ನಂಬೋದು ಬಿಡೋದು ನಿಮಗೆ ಸೇರಿದ್ದು. ಆದರೆ ಇದು ನಡೆದದ್ದೇ. ಮೇಷ್ಟ್ರು ಈಗಲೂ ಇದ್ದಾರೆ, ಬೇಕಾದರೆ ಕೇಳಿ. ಅವರು ಮೊದಲು ಹೇಳುವುದು ಸ್ವರದ ಮಾತಲ್ಲ. ಆವತ್ತು ಬೆಳಿಗ್ಗೆ ಗಾಳಿ ಹಾಕಲು ಎಡಗೈ ಚಾಚಿದರಂತೆ. ಎಡಗಡೆ ಕೊಂಡಿ ಹಾಕಿದ ಹಾಗೇ ಇತ್ತು.

ಬಲಗಡೆಯದು ಬಿಚ್ಚಿತ್ತು.