ಹೆಲನ್ ಕದಿಯದ ಕ್ಯಾಮೆರಾ

ಸೆವರಿನ್ ಪಾಯಸ್, ವಯಸ್ಸು ಹತ್ತೊಂಬತ್ತು, ಆರ್ಕಿಟೆಕ್ಚರ್ ಮೊದಲ ವರ್ಷದ ವಿದ್ಯಾರ್ಥಿ, ವಾಸ ನೈರೋಬಿಯ ಲೊರೆಶೋದಲ್ಲಿರುವ ಚಿಕ್ಕಪ್ಪ ಡಾಕ್ಟರ್ ವಿನ್ಸೆಂಟ್ ಪಾಯಸ್ ಅವರ ಮನೆ. ಸದರಿ ನಾನು ಈ ದಿನ ನಾನಾಗಿಯೇ ಠಾಣೆಗೆ ಬಂದು, ಯಾರೂ ಹೇಳಿಕೊಡದೆ ನನ್ನ ಕೈಯಾರೆ ಬರೆದು ತಿಳಿಸುವುದೇನೆಂದರೆ:

ಎಂಟನೇ ವಯಸ್ಸಿನಿಂದ ಪಿಯುಸಿ ಮುಗಿಯುವವರೆಗೆ ನಾನು ಹಾಸನದ ಹಾಸ್ಟೆಲಿನಲ್ಲಿದ್ದು ಕನ್ನಡದಲ್ಲಿ ಓದಿದವನು. ನೈರೋಬಿಗೆ ವಾಪಸು ಬಂದು ಏಳು ತಿಂಗಳಾಯಿತು. ಇಂಗ್ಲಿಷ್ ಅರ್ಧ ಬರುತ್ತದೆ, ಹೆದರಿದಾಗ ಆ ಅರ್ಧವೂ ಬರುವುದಿಲ್ಲ. ಆದ್ದರಿಂದ ಕನ್ನಡದಲ್ಲಿ ಬರೆಯಲು ಇನ್‌ಸ್ಪೆಕ್ಟರ್ ಸಾಹೇಬರು ಒಪ್ಪಿದ್ದಾರೆ. ನಮ್ಮ ಲೆಕ್ಚರರ್ ಸೂರ್ಯನಾರಾಯಣ ಸರ್ ಇದನ್ನು ಇಂಗ್ಲಿಷ್‌ಗೆ ತಿರುಗಿಸಿ ಕೊಡುತ್ತಾರೆ. ಇದೇ ಮಾರ್ಚ್ 15ನೇ ಭಾನುವಾರ ನಾನು ಸಹಿ ಹಾಕಿದ ಇಂಗ್ಲಿಷ್ ಹೇಳಿಕೆಯನ್ನು ನಾನು ಹೇಳಿದಂತೆ ಚಿಕ್ಕಪ್ಪ ಬರೆದಿದ್ದರು. ಅದರಲ್ಲಿ ಅವರ ತಪ್ಪಿಲ್ಲ. ಸುಳ್ಳು ನನ್ನದು.

ಊರಿನಲ್ಲಿ ಜನ ಕೂತು ಕುಡಿಯುವ ನಾಲ್ಕು ಬೇರೆ ಬೇರೆ ಥರದ ಜಾಗಗಳನ್ನು ನೋಡಿ, ಯಾರು ಎಲ್ಲಿ ಕೂರುತ್ತಾರೆ, ಯಾರ ಮುಖ ಯಾವ ಕಡೆಗಿರುತ್ತದೆ ಎಂದು ಪ್ಲಾನ್ ಬರೆದು ತರಬೇಕೆಂದು ಸೂರ್ಯನಾರಾಯಣ ಸರ್ ಹೇಳಿದ್ದರು. ನಾನು ಬಾರಿನ ಬಾಗಿಲು ದಾಟಿದವನೇ ಅಲ್ಲವೆಂದಾಗ, ‘ಅದಕ್ಕೇ ಕಣಯ್ಯಾ ಹೋಗು ಅಂದಿದ್ದು, ಕುಡಿ ಅಂದ್ನಾ?’ ಎಂದರು.

14ನೇ ಶನಿವಾರ ಬೆಳಿಗ್ಗೆ 9.30ಕ್ಕೆ ಚಿಕ್ಕಪ್ಪ ಕ್ಲಿನಿಕ್‌ಗೆ ಹೋದ ಮೇಲೆ ಅವರ ಕಪಾಟಿನಿಂದ ಕ್ಯಾಮೆರಾ ತೆಗೆದುಕೊಂಡೆನು. ಕೇಳಿ ತೆಗೆದುಕೊಳ್ಳಲಿಲ್ಲ.

10.40ಕ್ಕೆ ಪೇಟೆಯ ದೊಡ್ಡ ಹೋಟೆಲೊಂದರ ವರಾಂಡದ ಬಾರಿಗೆ ಹೋದೆನು. ಮೂವತ್ತೆರಡು ಬೆತ್ತದ ಕುರ್ಚಿಗಳು, ಎಲ್ಲವೂ ರಸ್ತೆ ಕಡೆಗೆ. ಅರ್ಧ ಗಂಟೆ ನಿಂತರೂ ನನ್ನನ್ನು ಯಾರೂ ಏನೂ ಕೇಳಲಿಲ್ಲ. 11.30ಕ್ಕೆ ನಮ್ಮವರ ಕ್ಲಬ್ಬಿಗೆ ಹೋದೆನು. ಅಲ್ಲಿ ಎಲ್ಲರ ಬೆನ್ನೂ ಬಾಗಿಲ ಕಡೆಗೆ. ಇಸ್ಪೀಟು ಆಡುತ್ತಿದ್ದ ಹಿರಿಯರೊಬ್ಬರು ತಿರುಗದೆಯೇ ಕೊಂಕಣಿಯಲ್ಲಿ ಯಾರ ಮಗನೋ ನೀನು ಎಂದು ಕೇಳಿದರು. ಎಂಟು ನಿಮಿಷದಲ್ಲಿ ಹೊರಗೆ ಬಂದೆನು.

12.25ಕ್ಕೆ ರಿವರ್ ರೋಡಿನ ಮಹಡಿ ಮೇಲಿನ ಬಾರಿಗೆ ಹೋದೆನು. ಇಪ್ಪತ್ತೆರಡು ಮೆಟ್ಟಿಲು. ಅಲ್ಲಿ ಕೌಂಟರಿಗೆ ಸೂರಿನವರೆಗೆ ಕಬ್ಬಿಣದ ಜಾಲರಿ, ಬಾಟಲಿ ದಾಟಿಸಲು ಊಟದ ತಟ್ಟೆಯಷ್ಟಗಲದ ಒಂದು ಕಂಡಿ. ಅಂಥದ್ದನ್ನು ನೋಡಿರದ ನಾನು ಕ್ಯಾಮೆರಾ ಎತ್ತಿದೆನು. ಒಬ್ಬ ವ್ಯಕ್ತಿ ಎದ್ದು ಬಂದು ಕೂಗಾಡಿದನು. ಆಗ ಅಲ್ಲಿ ಸಪ್ಲೈ ಮಾಡುವ ಹೆಲನ್ ಎಂಬವರು, ಅಂದಾಜು ಇಪ್ಪತ್ತೈದು ವಯಸ್ಸು, ನಡುವೆ ಬಂದು ನಿಂತರು. ಇವನಿಗೆ ಮೀಸೆಯೇ ಸರಿಯಾಗಿ ಬಂದಿಲ್ಲ, ಇವನು ಪತ್ತೇದಾರನಾದರೆ ನಾನು ಬಿಷಪ್ಪು ಎಂದು ಅವನಿಗೆ ಸ್ವಾಹಿಲಿಯಲ್ಲಿ ಹೇಳಿದರು. ಚಿಕ್ಕಂದಿನಲ್ಲಿ ಕಲಿತ ಸ್ವಾಹಿಲಿ ನನಗೆ ಕೇಳಿದರೆ ಅರ್ಥವಾಗುತ್ತದೆ. ಅವನು ನಕ್ಕು ಕೂತನು. ಆ ವಸ್ತುವನ್ನು ಚೀಲದಲ್ಲಿಡು, ಕೈಯಲ್ಲಿ ಬರೆದುಕೋ ಎಂದು ನನಗೆ ಇಂಗ್ಲಿಷ್‌ನಲ್ಲಿ ಹೇಳಿದರು. ನಾನು ಇಟ್ಟೆನು. ಬಿಯರ್ ಬೆಚ್ಚಗೋ ತಣ್ಣಗೋ ಎಂದು ಕೇಳಿದರು. ಅಲ್ಲಿ ಎಲ್ಲರನ್ನೂ ಹಾಗೆಯೇ ಕೇಳುತ್ತಾರೆ. ನಾನು ಗಾಬರಿಯಲ್ಲಿ ಬೆಚ್ಚಗೆ ಎಂದೆನು. ಅರ್ಧ ಕುಡಿದೆನು. ಅದನ್ನು ಮನೆಯಲ್ಲಿ ಹೇಳಿರಲಿಲ್ಲ.

ನಂತರ ನನ್ನ ಅಳತೆ ಟೇಪಿನ ಇನ್ನೊಂದು ತುದಿಯನ್ನು ಹೆಲನ್ ಹಿಡಿದುಕೊಂಡರು. ಕೋಣೆ ಉದ್ದ 11.4 ಮೀಟರು. ಟೇಬಲ್ಲಿನ ಕೆಳಗೆ ಬಗ್ಗಬೇಕಾದಾಗಲೆಲ್ಲ ಅವರೇ ಬಗ್ಗಿದರು. ಇದು ತಮ್ಮ ಕೊನೆಯ ದಿನ, ಎರಡೂವರೆಯ ಬಸ್ಸಿಗೆ ಕಾಕಮೇಗಾದ ತಾಯಿಯ ಮನೆಗೆ ಹೋಗುತ್ತೇನೆ, 20ನೇ ಶುಕ್ರವಾರ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಸಹಾಯಕಿಯ ತರಬೇತಿಗೆ ಸೇರಬೇಕು, ಆ ದಿನ ತಪ್ಪಿದರೆ ಸೀಟು ಬೇರೆಯವರಿಗೆ ಎಂದು ತಿಳಿಸಿದರು. ನಾಲ್ಕು ವರ್ಷ ಈ ಬಾಟಲಿ ಹೊತ್ತೆ, ಇನ್ನು ಔಷಧಿ ಬಾಟಲಿ ಎಂದು ನಕ್ಕರು. 1.35ಕ್ಕೆ ನಾನು ಹೊರಟಾಗ ಕ್ಯಾಮೆರಾ ನನ್ನ ಚೀಲದಲ್ಲಿತ್ತು. ಹೆಲನ್ ಅದನ್ನು ಒಮ್ಮೆಯೂ ಮುಟ್ಟಿಲ್ಲ. ಮೆಟ್ಟಿಲವರೆಗೆ ಬಂದು, ಚೀಲವನ್ನು ಎದೆ ಕಡೆಗೆ ಹಾಕಿಕೋ ಎಂದರು.

2.50ಕ್ಕೆ ಕಸರಾನಿಯ ತೋಟದ ಬಾರಿಗೆ ಹೋದೆನು. ಆಡಿನ ಮಾಂಸ ಸುಡುವ ಹೊಗೆ, ಮಕ್ಕಳು ಮರಿ ಸಮೇತ ಸಂಸಾರಗಳು, ಕುರ್ಚಿಗಳೆಲ್ಲ ವೃತ್ತದಲ್ಲಿ. ಅಲ್ಲಿ ಆರು ಫೋಟೋ ತೆಗೆದೆನು. 4.10ಕ್ಕೆ ಪೇಟೆಗೆ ಹೋಗುವ ಮಟಾಟು ವ್ಯಾನು ಹತ್ತಿದೆನು. ಟಿಪ್ಪಣಿ ಬರೆಯಲೆಂದು ಚೀಲ ಬಿಚ್ಚಿ ಕ್ಯಾಮೆರಾವನ್ನು ಪಕ್ಕದಲ್ಲಿಟ್ಟುಕೊಂಡೆನು. 4.55ಕ್ಕೆ ಇಳಿದಾಗ ನನ್ನ ಕೈಯಲ್ಲಿ ನೋಟ್‌ಬುಕ್ ಇತ್ತು, ಕ್ಯಾಮೆರಾ ಇರಲಿಲ್ಲ. ಅಂದಾಜು ಇನ್ನೂರು ಮೀಟರ್ ಗಾಡಿಯ ಹಿಂದೆ ಓಡಿದೆನು. ನಂಬರ್ ನೋಡಿಕೊಂಡಿಲ್ಲ.

ಸಂಜೆ 6.30ಕ್ಕೆ ಮನೆಗೆ ಬಂದೆನು. ಚಿಕ್ಕಪ್ಪ ಕಪಾಟು ತೆರೆದು ನಿಂತಿದ್ದರು. ‘ಕ್ಯಾಮೆರಾ ಎಲ್ಲಿ ಮಾರಾಯ?’ ಎಂದು ಕೇಳಿದರು. ಬೈಯಲಿಲ್ಲ, ಕೇಳಿದರು ಅಷ್ಟೆ.

ಇಲ್ಲಿ ಒಂದು ವಿಷಯ ತಿಳಿಸಬೇಕು. ನಮ್ಮ ಹಾಸ್ಟೆಲಿನಲ್ಲಿ ಏನಾದರೂ ಒಡೆದರೆ, ಕಳೆದರೆ, ವಾರ್ಡನ್ ಬಂದು ಯಾರು ಎಂದು ಕೇಳಿದ ಕೂಡಲೇ ಊರಿಗೆ ಹೋಗಿರುವ ಹುಡುಗನ ಹೆಸರು ಹೇಳುವ ಪದ್ಧತಿ ಇತ್ತು. ಅವನು ಬರುವಷ್ಟರಲ್ಲಿ ವಾರ್ಡನ್‌ಗೆ ಮರೆತಿರುತ್ತಿತ್ತು. ಯಾರಿಗೂ ಏಟು ಬೀಳುತ್ತಿರಲಿಲ್ಲ. ನನ್ನ ಮನೆ ನೈರೋಬಿಯಲ್ಲಿದ್ದುದರಿಂದ ನಾನು ಸಣ್ಣ ರಜೆಗಳಿಗೆ ಎಲ್ಲಿಗೂ ಹೋಗುತ್ತಿರಲಿಲ್ಲ. ಹಾಗಾಗಿ ನನ್ನ ಹೆಸರನ್ನು ಯಾರೂ ಹೇಳಿದ್ದಿಲ್ಲ.

ಚಿಕ್ಕಪ್ಪ ಕೇಳಿದಾಗ, ರಿವರ್ ರೋಡಿನ ಬಾರಿನ ಹೆಲನ್ ಎಂಬವಳು ಕ್ಯಾಮೆರಾ ನೋಡಿ ಕೊಡುತ್ತೇನೆಂದು ಒಳಗೆ ಒಯ್ದು ವಾಪಸು ಬರಲಿಲ್ಲ ಎಂದು ಹೇಳಿದೆನು. ಅವರು ಆಗಲೇ ಬಸ್ಸು ಹತ್ತಿ ದೂರ ಹೋಗಿದ್ದಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ ಎಂದುಕೊಂಡಿದ್ದೆನು. ಮಾತು ನಿಲ್ಲಲಿಲ್ಲ. ಮರುದಿನ ಚರ್ಚಿನಿಂದ ಬರುತ್ತಾ ಚಿಕ್ಕಪ್ಪ ಕಾರನ್ನು ಠಾಣೆಗೆ ತಿರುಗಿಸಿದರು. ಕಾರಿನಲ್ಲಿ ಒಂಬತ್ತು ನಿಮಿಷ ಇದ್ದವು. ನಾನು ಬಾಯಿ ಬಿಡಲಿಲ್ಲ.

ಹೆಲನ್ ಬದಲಿಗೆ ಬರಬೇಕಿದ್ದ ಹುಡುಗಿ ಶನಿವಾರ ಬಂದಿರಲಿಲ್ಲವಂತೆ. ಇನ್ನೆರಡು ದಿನ ಇರೆಂದು ಮಾಲೀಕ ಕೇಳಿಕೊಂಡನಂತೆ. ಸೋಮವಾರ 11 ಗಂಟೆಗೆ ಅವರನ್ನು ಹಿಡಿದರು. ಕಟ್ಟಿಟ್ಟಿದ್ದ ಪೆಟ್ಟಿಗೆ ಸಿಕ್ಕಿದ್ದರಿಂದ ಓಡಿಹೋಗಲು ತಯಾರಾಗಿದ್ದರೆಂದು ಬರೆದುಕೊಂಡರು.

17ನೇ ಮಂಗಳವಾರ 10.15ಕ್ಕೆ ಗುರುತು ಹಿಡಿಯಲು ನನ್ನನ್ನು ಕರೆಸಲಾಯಿತು. ನನ್ನನ್ನು ಕಂಡ ಕೂಡಲೇ ಹೆಲನ್ ಅವರ ಮುಖ ಅರಳಿತು. ಅಗೋ ಆ ವಿದ್ಯಾರ್ಥಿ ಬಂದ, ಅವನನ್ನೇ ಕೇಳಿ, ಅವನು ಹೇಳುತ್ತಾನೆ ಎಂದು ಇನ್‌ಸ್ಪೆಕ್ಟರ್ ಸಾಹೇಬರಿಗೆ ಹೇಳಿದರು. ಸಾಹೇಬರು ಕೇಳಿದರು. ಚಿಕ್ಕಪ್ಪ ನನ್ನ ಬಲಕ್ಕೆ ಎರಡು ಅಡಿ ದೂರದಲ್ಲಿದ್ದರು. ಇವರೇ ಎಂದು ನಾನು ಹೇಳಿದೆನು. ಹೆಲನ್ ಕೂಗಲಿಲ್ಲ, ಅಳಲಿಲ್ಲ. ಶನಿವಾರ ಮನೆಗೆ ಸರಿಯಾಗಿ ಮುಟ್ಟಿದೆಯಾ ಎಂದು ಕೇಳಿದರು. ನಾನು ಹೌದು ಎಂದೆನು. ಹಾಸ್ಟೆಲಿನ ಅಭ್ಯಾಸವೆಂದು ಶನಿವಾರದ್ದಕ್ಕೆ ಹೇಳಬಹುದು. ಇದಕ್ಕೆ ಹೇಳಲು ನನ್ನಲ್ಲಿ ಏನೂ ಇಲ್ಲ.

18ನೇ ಬುಧವಾರ ಪ್ಲಾನ್‌ಗಳನ್ನು ಕೊಟ್ಟೆನು. ಸೂರ್ಯನಾರಾಯಣ ಸರ್ ರಿವರ್ ರೋಡಿನ ಹಾಳೆ ನೋಡಿ, ಇಷ್ಟು ಸರಿಯಾಗಿ ಒಬ್ಬನೇ ಹೇಗೆ ಅಳೆದೆ, ಆ ತುದಿ ಹಿಡಿದವರು ಯಾರು ಎಂದು ಕೇಳಿದರು. ಎಲ್ಲವನ್ನೂ ಹೇಳಿದೆನು. ಅವರು ಹಾಳೆಯನ್ನು ಸುತ್ತಿಟ್ಟು, ‘ಜೊತೆಗೆ ನಾನು ಬರ್ತೀನಿ. ಬರೆಯೋದು ಮಾತ್ರ ನೀನೇ’ ಎಂದರು. ರಾತ್ರಿ ಊಟದ ಹೊತ್ತಿಗೆ ಚಿಕ್ಕಪ್ಪನಿಗೂ ಹೇಳಿದೆನು. ‘ಹಾಳಾದ ಕ್ಯಾಮೆರಾ ಹೋದರೆ ಹೋಗಲಿ. ನನ್ನ ಕೈಯಲ್ಲಿ ಬರೆಸಿದೆಯಲ್ಲ’ ಎಂದು ತಟ್ಟೆ ಬಿಟ್ಟು ಎದ್ದರು. ಈಗ ಅವರು ಹೊರಗೆ ಕಾರಿನಲ್ಲಿದ್ದಾರೆ. ಒಳಗೆ ಬಂದಿಲ್ಲ.

ಈಗ ಮಧ್ಯಾಹ್ನ 3.10. ಸಂಜೆಯ ಬಸ್ಸು 5.30ಕ್ಕೆ. ಅದು ಸಿಕ್ಕಿದರೆ ಹೆಲನ್ ನಾಳೆ ಬೆಳಿಗ್ಗೆ ಆಸ್ಪತ್ರೆ ಮುಟ್ಟುತ್ತಾರೆ. ಆದರೆ ಮ್ಯಾಜಿಸ್ಟ್ರೇಟರ ಸಹಿಯಾಗದೆ ಬಿಡುವಂತಿಲ್ಲ, ಸಹಿ ನಾಳೆ ಹತ್ತು ಗಂಟೆಯ ಮೇಲೆ ಎಂದು ಸಾಹೇಬರು ತಿಳಿಸಿದರು. ಆಸ್ಪತ್ರೆಗೆ ಒಂದು ಕಾಗದ ಬರೆಯುತ್ತೀರಾ ಎಂದು ಕೇಳಿದೆನು. ಅದು ಪೊಲೀಸರ ಕೆಲಸವಲ್ಲ ಎಂದರು. ಆದ್ದರಿಂದ ಇಲ್ಲೇ ಬರೆಯುತ್ತಿದ್ದೇನೆ. ಇದರ ಒಂದು ಇಂಗ್ಲಿಷ್ ಪ್ರತಿಯನ್ನು ಹೆಲನ್ ಅವರ ಕೈಗೆ ಕೊಡಬೇಕೆಂದು ಕೋರುತ್ತೇನೆ.

ಆಸ್ಪತ್ರೆಯಲ್ಲಿ ಇದನ್ನು ಓದುವವರಿಗೆ: ಹೆಲನ್ ತಡ ಮಾಡಲಿಲ್ಲ. ನಾನು ಮಾಡಿಸಿದೆನು. ನಾಲ್ಕು ದಿನ ಸುಮ್ಮನಿದ್ದವನು ನಾನು.

ಮೇಲಿನದನ್ನು ಎರಡು ಸಲ ಓದಿ ನೋಡಿದ್ದೇನೆ, ಇದೇ ನಿಜ. 15ನೇ ತಾರೀಖಿನ ಹೇಳಿಕೆಯ ಕೆಳಗಿರುವ ಸಹಿಯೂ ನನ್ನದೇ. ಅದನ್ನು ಹೊಡೆದುಹಾಕಬೇಡಿ, ಇದರ ಜೊತೆಗೇ ಇರಲಿ.

ಸ್ಥಳ: ನೈರೋಬಿ
ದಿನಾಂಕ: 19 ಮಾರ್ಚ್ 1992, ಗುರುವಾರ
(ಸಹಿ) ಸೆವರಿನ್ ಪಾಯಸ್