ಒಂದೇ ಅಚ್ಚಿನ ಇಬ್ಬರು

ನಗು ಬರುತ್ತೆ, ನಗು! ಕ್ಷೌರದಂಗಡಿಗೆ ಬಂದು ಅಪ್ಪನ್ನ ಹುಡುಕೋ ಹುಡುಗೀನ ಇವತ್ತೇ ನೋಡಿದ್ದು ನಾನು. ಕೂದಲು ಕತ್ತರಿಸು ಅಂದ್ರೆ ಕತ್ತರಿಸ್ತೀನಿ. ಅಪ್ಪನ್ನ ಎಲ್ಲಿಂದ ತರ್ಲಿ?... ಏನು, ನಾವಿಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬರು ಇರ್ಬೇಕಾ? ಒಬ್ಬರಂತೆ! ಇದೇನು ಚಪ್ಪಲಿ ಅಂಗಡೀನಾ, ಹೊಂದಿದ್ದನ್ನ ಹಾಕ್ಕೊಂಡು ಹೋಗೋಕೆ?

ನಿಮ್ಮಮ್ಮ ಹೇಳಿದ್ದು ನನ್ನ ತಮ್ಮನ ಹೆಸರು ತಾನೆ? ಆಚೆ ಬೀದೀಲಿ ಅಂಗಡಿ ಇಟ್ಕೊಂಡಿದಾನೆ, ಹೋಗಿ ಕೇಳು! ಬಾಯಿಸತ್ತ ಪ್ರಾಣಿ. ಆಗ ಜನ ಅವನ ಮುಖಕ್ಕೆ ಉಗಿದ್ರು, ಗೊತ್ತಾಗಿದ್ದ ಮದುವೆ ಮುರಿದುಹೋಯ್ತು. "ನಾನಲ್ಲ, ನಾನಲ್ಲ" ಅಂತ ಗೊಣಗಿದ್ದು ಬಿಟ್ರೆ ಏನು ಕಿಸಿದ? ಮಾಡಿದೋನು ಎಲ್ಲಾದ್ರೂ "ನಾನೇ" ಅಂತಾನಾ? ಥೂ!

ನಾನಾ? ನಿಮ್ಮಮ್ಮನ ಮುಖ ಕೂಡ ನೋಡಿದೋನಲ್ಲ!

ಡಿಎನ್‌ಎ ಪರೀಕ್ಷೆ? ಅಯ್ಯೋ ಹುಚ್ಚಿ! ನಮ್ಮನ್ನ ಪರೀಕ್ಷೆ ಮಾಡೋ ಯಂತ್ರ ಇನ್ನೂ ಹುಟ್ಟಿಲ್ಲ. ಅವಳಿ ಕಣಮ್ಮ, ಅವಳಿ! ಎಡಗೆನ್ನೆ ನಾನು ಕೆರೆದು, ಬಲಗೆನ್ನೆ ಅವನ ಕೈಗೆ ಬಿಟ್ಟು ಟೀ ಕುಡಿದು ಬಂದ್ರೂ ಗಿರಾಕಿಗೆ ಗೊತ್ತಾಗ್ತಿರಲಿಲ್ಲ. ಹೆತ್ತಮ್ಮನೇ ನನಗೆ ಎರಡು ಸಲ ಊಟ ಹಾಕಿ ಅವನನ್ನ ಉಪವಾಸ ಮಲಗಿಸಿದ್ಲು! ಈ ಕನ್ನಡಿ ಇದೆಯಲ್ಲ, ಇದು ಕೂಡ ಯಾರ ಮುಖ ತೋರಿಸ್ಲಿ ಅಂತ ಒಂದು ಕ್ಷಣ ಯೋಚನೆ ಮಾಡ್ತಿತ್ತು. ಅಂಥದ್ರಲ್ಲಿ ಲ್ಯಾಬಿನ ಆ ಬಿಳಿಕೋಟಿನೋನು ಹೇಳ್ಬಿಡ್ತಾನಾ! ಒಂದೇ ಅಚ್ಚಿನ ಅವಳಿಗಳಲ್ಲಿ ಅಪ್ಪ ಯಾರು ಅಂತ ಹೇಳೋಕೆ ಅವರ ಕೈಲಾಗಲ್ಲ. ಓದಿಕೊಂಡೇ ಇದೀನಿ... ಯಾಕೆ ಓದಿದೆ ಅಂದ್ರೆ? ಸುಮ್ನೆ... ಅಂಗಡಿಗೆ ಬರೋ ಪೇಪರಲ್ಲಿತ್ತಪ್ಪ!

ಏನಂದೆ? ತಮ್ಮ ಆಗಲೇ ಪರೀಕ್ಷೆಗೆ ಎಂಜಲು ಕೊಟ್ಟು ಬಂದನಾ? ನನಗೊಂದು ಮಾತು ಹೇಳಲಿಲ್ಲ, ಕಳ್ಳ! ಕೊಡ್ಲಿ ಬಿಡು. ಹೊಂದಿರುತ್ತೆ... ಹೊಂದಿತು ತಾನೆ? ಯಾಕೆ ತಲೆ ಅಲ್ಲಾಡಿಸ್ತೀಯ?

ಅಪ್ಪ ಅಲ್ಲ ಅಂದ್ರಾ? ಅಪ್ಪನ ಒಡಹುಟ್ಟಿದೋನು ಇರಬಹುದು ಅಂದ್ರಾ?

ಅಂದ್ರೆ... ನಾವು ಒಂದೇ ಅಚ್ಚಲ್ವಾ? ನೋಡೋಕೆ ಮಾತ್ರ ಒಂದೇನಾ? ಏ, ಸುಳ್ಳು! ಯಾರದ್ದೋ ಎಂಜಲು ಯಾರದ್ದಕ್ಕೋ ಬೆರೆಸಿಟ್ಟಿರ್ತಾರೆ, ಅಯೋಗ್ಯರು! ಒಡಹುಟ್ಟಿದೋನಂತೆ... ನಮ್ಮಮ್ಮ ಹೆತ್ತಿದ್ದೇ ಇಬ್ಬರನ್ನ...

ಏನಾದ್ರೂ ಮಾತಾಡೇ. ಬೈಯಿ. ಉಗಿ ಬೇಕಾದ್ರೆ. ಹೀಗೆ ಕೂರಬೇಡ, ತುಟಿ ಬಿಗಿದುಕೊಂಡು, ಚೀಲ ತೊಡೆಮೇಲೆ ಇಟ್ಕೊಂಡು... ನಿಮ್ಮಮ್ಮನೂ ಹೀಗೇ... ಇದೇ ಬೆಂಚಿನ ಮೇಲೆ... ನಾನೇ ಹೇಳ್ಕೊಂಡಿದ್ದ ತಮ್ಮನ ಹೆಸರು ಹಿಡಿದು ನನ್ನ ಕರೆದ್ಲು... "ನಾನು ಅವನಲ್ಲಮ್ಮ, ಅವನ ಅಣ್ಣ. ತಮ್ಮ ಊರಲ್ಲಿಲ್ಲ" ಅಂತ ನಾನು ಅಂದಾಗ... ಹೀಗೇ ನೋಡಿದ್ಲು.